ಎಸ್.ಓ.ಎಸ್.: ವಿಸ್ತರಣೆಯೇ ಇಲ್ಲದ ಮೂರು ಅಕ್ಷರ

2008ರ ಮಾತು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ವಾರ ಮೊದಲು ಯು.ಪಿ. ತರಗತಿಯ ಮಕ್ಕಳಿಗೆ ರಸಪ್ರಶ್ನೆ ಇಟ್ಟಿದ್ದೆವು. ಪ್ರಶ್ನೆ ಕೇಳುವವನು ನಾನೇ, ತೀರ್ಪು ಕೊಡುವವನೂ ನಾನೇ. ಕೈಯಲ್ಲಿ ಒಂದು ಸಾಮಾನ್ಯ ಜ್ಞಾನದ ಗೈಡು. ಮೂರನೆಯ ಸುತ್ತು ಸಂಕ್ಷೇಪಗಳದ್ದು. ಎಲ್.ಐ.ಸಿ., ಯು.ಎನ್.ಓ., ಇಸ್ರೋ ಎಲ್ಲ ಮುಗಿದು, "ಎಸ್.ಓ.ಎಸ್. ಎಂಬುದರ ವಿಸ್ತೃತ ರೂಪ ಏನು?" ಎಂದು ಏಳನೆಯ ತರಗತಿಯ ಒಬ್ಬಳು ಹುಡುಗಿಯನ್ನು ಕೇಳಿದೆ. ಕಡಲ ಬದಿಯ ಮನೆಯ ಮಗು. ಎದ್ದು ನಿಂತು, "ಅದಕ್ಕೆ ವಿಸ್ತೃತ ರೂಪ ಇಲ್ಲ ಮಾಷ್ಟ್ರೇ" ಎಂದಳು.

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಇಲ್ಲ ಎಂದರೆ ಹೇಗೆ, ಮೂರು ಅಕ್ಷರ ಉಂಟಲ್ಲ, ಮೂರು ಪದ ಇರಬೇಕಲ್ಲ ಎಂದೆ. ಅವಳು, "ಮಾವ ಹೇಳಿದ್ದಾರೆ, ಅವರು ಹಡಗಿನಲ್ಲಿ ಕೆಲಸಕ್ಕಿರುವುದು" ಎಂದಳು. ನಾನು ಗೈಡು ನೋಡಿ 'ತಪ್ಪು' ಎಂದೆ. ಪಕ್ಕದ ತಂಡದ ಹುಡುಗ ತಟ್ಟನೆ 'ಸೇವ್ ಅವರ್ ಸೋಲ್ಸ್' ಎಂದ, ಬೋನಸ್ ಅಂಕವೂ ಅವನಿಗೆ ಹೋಯಿತು. ಕೊನೆಗೆ ಒಂದೇ ಅಂಕದಲ್ಲಿ ಅವಳ ತಂಡ ಎರಡನೆಯ ಸ್ಥಾನಕ್ಕೆ ಬಂತು. ಪ್ರಥಮ ಬಹುಮಾನ ಇಂಗ್ಲಿಷ್-ಕನ್ನಡ ನಿಘಂಟು. ದ್ವಿತೀಯಕ್ಕೆ ಸ್ಟೀಲಿನ ಲೋಟ.

ಅವಳು ಹೇಳಿದ್ದೇ ಸರಿ ಎಂದು ನನಗೆ ಗೊತ್ತಾಗಲು ಕೆಲವು ವರ್ಷಗಳೇ ಹಿಡಿದವು. ಟೈಟಾನಿಕ್ ಮುಳುಗಿ 2012ಕ್ಕೆ ನೂರು ವರ್ಷವಾಯಿತಲ್ಲ, ಆಗ ಆ ಹಡಗಿನ ಬಗ್ಗೆ ಮಕ್ಕಳಿಗೆ ಹೇಳೋಣವೆಂದು ಓದಲು ಕುಳಿತೆ. ಒಂದರ ಬಾಲ ಹಿಡಿದು ಇನ್ನೊಂದು ಬಂತು. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮೊನ್ನೆಯೂ ಒಂದು ಕೈಪಿಡಿಯಲ್ಲಿ ಅದೇ 'ಸೇವ್ ಅವರ್ ಸೋಲ್ಸ್' ಅಚ್ಚಾದದ್ದನ್ನು ನೋಡಿದೆ. ನನ್ನ ಹಾಗೆ ತಪ್ಪು ತೀರ್ಪು ಕೊಡುವ ಮಾಷ್ಟ್ರುಗಳು ಇನ್ನೂ ಇರಬಹುದು.

ಮೊದಲು ಹಡಗುಗಳ ಸ್ಥಿತಿ ಏನಿತ್ತು ಎಂದು ನೋಡೋಣ. ದಡ ಕಣ್ಮರೆಯಾಯಿತೆಂದರೆ ಹಡಗಿನವರಿಗೂ ಭೂಮಿಯ ಮೇಲಿನವರಿಗೂ ಸಂಬಂಧವೇ ಇರಲಿಲ್ಲ. ಬಾವುಟ ಹಾರಿಸಬಹುದು, ಬೆಂಕಿ ಹಚ್ಚಬಹುದು, ಗುಂಡು ಹಾರಿಸಬಹುದು. ಕಾಣುವಷ್ಟು, ಕೇಳುವಷ್ಟು ದೂರದಲ್ಲಿ ಯಾರಾದರೂ ಇದ್ದರೆ ಪುಣ್ಯ. ಮಂಜು ಕವಿದರೆ ಅದೂ ಇಲ್ಲ. ನೆಲದ ಮೇಲೆ ತಂತಿ ಎಳೆದು ಸುದ್ದಿ ಕಳಿಸುವ ಟೆಲಿಗ್ರಾಫು 1840ರ ದಶಕದಲ್ಲೇ ಬಂದಿತ್ತು. ಆದರೆ ಓಡಾಡುವ ಹಡಗಿಗೆ ತಂತಿ ಎಳೆಯುವುದು ಹೇಗೆ?

ಇಟಲಿಯ ಮಾರ್ಕೋನಿ ತಂತಿಯಿಲ್ಲದೆ ಸಂದೇಶ ಕಳಿಸುವುದನ್ನು ಇಂಗ್ಲೆಂಡಿನಲ್ಲಿ ಮಾಡಿ ತೋರಿಸಿದ ಮೇಲೆ ಇದು ಬದಲಾಯಿತು. ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳ ದಿಬ್ಬಗಳಿವೆ. ಅಲ್ಲಿ ದೀಪ ಹೊತ್ತು ನಿಲ್ಲುವ ಒಂದು ಹಡಗಿತ್ತು. ಅದರಲ್ಲಿ ಮಾರ್ಕೋನಿಯ ಯಂತ್ರ ಇಟ್ಟಿದ್ದರು. 1899ರ ಮಾರ್ಚ್ 17ರಂದು ಎಲ್ಬೆ ಎಂಬ ಹಡಗು ಆ ಮರಳಿನಲ್ಲಿ ಸಿಕ್ಕಿಕೊಂಡಿತು. ದೀಪದ ಹಡಗಿನವರು ದಡಕ್ಕೆ ಸುದ್ದಿ ಕಳಿಸಿ ಜೀವರಕ್ಷಕ ದೋಣಿ ತರಿಸಿದರು. ವಿಚಿತ್ರವೆಂದರೆ ಮುಂದಿನ ತಿಂಗಳ 30ಕ್ಕೆ ಇನ್ನೊಂದು ಹಡಗು ಬಂದು ಆ ದೀಪದ ಹಡಗಿಗೇ ಗುದ್ದಿತು! ಈ ಸಲ ಅವರು ತಮಗಾಗಿಯೇ ಸಹಾಯ ಕೇಳಬೇಕಾಯಿತು. ಆಗ ಇದಕ್ಕೆಂದೇ ಒಂದು ಗುರುತು ಇರಲಿಲ್ಲ. ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತಿದ್ದರು.

ಹಡಗುಗಳಲ್ಲಿ ಯಂತ್ರಗಳು ಹೆಚ್ಚಾದ ಹಾಗೆ ಒಂದು ಗುರುತು ಬೇಕೆನಿಸಿತು. ಮಾರ್ಕೋನಿ ಕಂಪನಿಯ ಆಪರೇಟರುಗಳಲ್ಲಿ ಅನೇಕರು ಮೊದಲು ನೆಲದ ತಂತಿ ಕಚೇರಿಗಳಲ್ಲಿ ದುಡಿದವರು. ಅಲ್ಲಿ ಎಲ್ಲ ಕಚೇರಿಗಳಿಗೂ ಒಟ್ಟಿಗೆ ಏನಾದರೂ ಹೇಳಬೇಕಾದರೆ 'ಸಿ.ಕ್ಯೂ.' ಎಂದು ಬಡಿಯುವ ರೂಢಿ ಇತ್ತು. ನಮ್ಮ ಶಾಲೆಯ ಮೈಕಿನಲ್ಲಿ "ಎಲ್ಲ ತರಗತಿಯವರ ಗಮನಕ್ಕೆ" ಎಂದ ಹಾಗೆ. ಕಂಪನಿ ಅದಕ್ಕೆ ಅಪಾಯವನ್ನು ಸೂಚಿಸುವ ಇಂಗ್ಲಿಷ್ ಪದದ 'ಡಿ' ಸೇರಿಸಿ 'ಸಿ.ಕ್ಯೂ.ಡಿ.' ಮಾಡಿತು. 1904ರ ಜನವರಿ 7ರಂದು ಸುತ್ತೋಲೆ ಹೊರಟಿತು, ಫೆಬ್ರವರಿ 1ರಿಂದ ಜಾರಿಗೆ ಬಂತು. ಎಲ್ಲರ ಗಮನಕ್ಕೆ, ನಾವು ಅಪಾಯದಲ್ಲಿದ್ದೇವೆ ಎಂದು ಅದರ ತಾತ್ಪರ್ಯ. ಜನ ಇದಕ್ಕೂ ಒಂದು ವಿಸ್ತರಣೆ ಕಟ್ಟದೆ ಬಿಡಲಿಲ್ಲ. 'ಕಮ್ ಕ್ವಿಕ್, ಡೇಂಜರ್' ಅಂತೆ! ಬೇಗ ಬನ್ನಿ, ಅಪಾಯ ಎಂದು. ಕೇಳಲು ಚೆಂದ. ಆದರೆ ಸುತ್ತೋಲೆ ಬರೆದವರ ಮನಸ್ಸಿನಲ್ಲಿ ಅದು ಇರಲಿಲ್ಲ.

ಸಿ.ಕ್ಯೂ.ಡಿ.ಯ ತೊಂದರೆ ಎಂದರೆ ಅದು ಒಂದು ಕಂಪನಿಯ ಗುರುತು. ಮಾರ್ಕೋನಿ ಕಂಪನಿ ಯಂತ್ರ ಮಾರುತ್ತಿರಲಿಲ್ಲ, ಆಪರೇಟರನನ್ನೂ ಸೇರಿಸಿ ಬಾಡಿಗೆಗೆ ಕೊಟ್ಟ ಹಾಗೆ ಕೊಡುತ್ತಿತ್ತು. ಬೇರೆ ಕಂಪನಿಯ ಯಂತ್ರ ಇಟ್ಟ ಹಡಗುಗಳ ಜತೆ ಮಾತಾಡಬಾರದು ಎಂದು ತನ್ನವರಿಗೆ ಕಟ್ಟಪ್ಪಣೆ ಮಾಡಿತ್ತು. ಜರ್ಮನಿಯಲ್ಲಿ ಬೇರೆ ಯಂತ್ರಗಳಿದ್ದವು. 1902ರಲ್ಲಿ ಜರ್ಮನ್ ಚಕ್ರವರ್ತಿಯ ತಮ್ಮ ಹೆನ್ರಿ ರಾಜಕುಮಾರ ಅಮೆರಿಕಕ್ಕೆ ಹೋಗಿ ಹಿಂದಿರುಗುವಾಗ ಹಡಗಿನಿಂದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಒಂದು ಕೃತಜ್ಞತೆಯ ಸಂದೇಶ ಕಳಿಸಲು ಹೊರಟ. ದಡದ ಮಾರ್ಕೋನಿ ಕೇಂದ್ರ ಅದನ್ನು ತೆಗೆದುಕೊಳ್ಳಲಿಲ್ಲ. ರಾಜಕುಮಾರನ ಮಾತೇ ಹೀಗಾದರೆ ಮುಳುಗುವ ಬಡ ಹಡಗಿನವರ ಮಾತು ಏನಾದೀತು?

ಜರ್ಮನಿ ಕೋಪಗೊಂಡು 1903ರಲ್ಲಿ ಬರ್ಲಿನ್ನಿನಲ್ಲಿ ಕೆಲವು ರಾಷ್ಟ್ರಗಳನ್ನು ಸೇರಿಸಿ ಮಾತುಕತೆ ನಡೆಸಿತು. ಅಪಾಯಕ್ಕೆ ಎಲ್ಲರಿಗೂ ಒಂದೇ ಗುರುತು ಬೇಕು ಎಂಬ ಮಾತು ಅಲ್ಲೇ ಎದ್ದದ್ದು. ಇಟಲಿಯವರು ಮೂರು ಎಸ್, ಮೂರು ಡಿ ಇಡೋಣ ಎಂದರು. ತೀರ್ಮಾನ ಆಗಲಿಲ್ಲ. ಜರ್ಮನಿ ಕಾಯಲಿಲ್ಲ. ತನ್ನ ಹಡಗುಗಳಿಗೆ ತಾನೇ ನಿಯಮ ಮಾಡಿ 1905ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಆ ನಿಯಮದಲ್ಲಿ 'ಅಪಾಯದ ಗುರುತು' ಎಂದು ಕೊಟ್ಟದ್ದು ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ. ಮರುವರ್ಷ ಬರ್ಲಿನ್ನಿನಲ್ಲೇ ದೊಡ್ಡ ಸಮ್ಮೇಳನ ಸೇರಿ 1906ರ ನವೆಂಬರ್ 3ರಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಜರ್ಮನಿಯ ಗುರುತನ್ನೇ ಎಲ್ಲರೂ ಒಪ್ಪಿದರು. 1908ರ ಜುಲೈ 1ರಿಂದ ಅದು ಜಾರಿಗೆ ಬಂತು.

ಒಪ್ಪಿದ್ದು ಏನನ್ನು ಎಂದು ಗಮನಿಸಿ. ಮೂರು ಇಂಗ್ಲಿಷ್ ಪದಗಳನ್ನಲ್ಲ. ಮೊದಲು ಈ ಗುರುತು ಮಾಡಿದ ಜರ್ಮನರು ಇಂಗ್ಲಿಷ್ ಪದಗಳನ್ನು ಇಟ್ಟುಕೊಂಡು ಏಕೆ ಮಾಡುತ್ತಾರೆ? 'ಸೇವ್ ಅವರ್ ಸೋಲ್ಸ್' ಕಥೆ ಸುಳ್ಳು ಎಂದು ತಿಳಿಯಲು ಇದೊಂದು ಪ್ರಶ್ನೆಯೇ ಸಾಕಿತ್ತು. ನನಗೆ ಅದು ಹೊಳೆದಿರಲಿಲ್ಲ.

ಇನ್ನೂ ಒಂದು ವಿಷಯ ಉಂಟು. ಮೋರ್ಸ್ ಲಿಪಿಯಲ್ಲಿ ಎಸ್ ಎಂದರೆ ಮೂರು ಚುಕ್ಕೆ, ಓ ಎಂದರೆ ಮೂರು ಗೆರೆ. ಸಾಮಾನ್ಯವಾಗಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಚಿಕ್ಕ ತಡೆ ಕೊಡಬೇಕು. ಈ ಗುರುತಿನಲ್ಲಿ ಆ ತಡೆ ಇಲ್ಲ. ಒಂಬತ್ತನ್ನೂ ಒಂದೇ ಉಸಿರಿಗೆ ಬಡಿಯಬೇಕು, ಮತ್ತೆ ಮತ್ತೆ ಬಡಿಯಬೇಕು. ಅಂದರೆ ಅದು ಮೂರು ಅಕ್ಷರವೇ ಅಲ್ಲ, ಒಂದು ಚಿಹ್ನೆ. ತಡೆ ಇಲ್ಲದ್ದನ್ನು ನಮಗೆ ಬೇಕಾದಲ್ಲಿ ಒಡೆಯಬಹುದು. ಮೋರ್ಸ್ ಲಿಪಿಯ ಪಟ್ಟಿ ಎದುರು ಇಟ್ಟುಕೊಂಡು ಮಕ್ಕಳಿಂದ ಮಾಡಿಸಿ ನೋಡಿ.

· · · — — — · · ·

ಮೊದಲ ಮೂರು ಚುಕ್ಕೆ ಮತ್ತು ಒಂದು ಗೆರೆ ಸೇರಿಸಿದರೆ 'ವಿ'. ನಡುವಿನ ಒಂಟಿ ಗೆರೆ 'ಟಿ'. ಉಳಿದ ಒಂದು ಗೆರೆ, ಮೂರು ಚುಕ್ಕೆ 'ಬಿ'. ವಿ.ಟಿ.ಬಿ.! ಬೇರೆ ಕಡೆ ಒಡೆದರೆ ಐ.ಜೆ.ಎಸ್. ಆಗುತ್ತದೆ, ಇನ್ನೊಂದು ಕಡೆ ಒಡೆದರೆ ಎಸ್.ಎಂ.ಬಿ. ಆಗುತ್ತದೆ. ಇವೆಲ್ಲವೂ ಅದೇ ಗುರುತು. ನೆನಪಿಡಲು ಸುಲಭ, ಎರಡು ಕಡೆಯಿಂದಲೂ ಒಂದೇ ಎಂದು ಎಸ್.ಓ.ಎಸ್. ಎಂಬ ಓದು ನಿಂತಿತು, ಅಷ್ಟೇ. ನನ್ನ ತರಗತಿಯಲ್ಲಿ ಒಬ್ಬ ವಿ.ಟಿ.ಬಿ.ಗೆ 'ವೇಗವಾಗಿ ತೇಲಿ ಬನ್ನಿ' ಎಂದು ವಿಸ್ತರಣೆ ಕೊಟ್ಟ. ಸಂಕ್ಷೇಪ ಮೊದಲು, ಅರ್ಥ ಆಮೇಲೆ ಎಂಬುದು ಹೇಗೆ ನಡೆಯುತ್ತದೆ ಎಂದು ಆ ಹುಡುಗ ಒಂದೇ ನಿಮಿಷದಲ್ಲಿ ತೋರಿಸಿಬಿಟ್ಟ.

ಹಾಗಾದರೆ ಇದೇ ಏಕೆ? ಆ ಕಾಲದ ಯಂತ್ರಗಳಲ್ಲಿ ಬರುತ್ತಿದ್ದ ಸದ್ದು ಗೊರಗೊರ ಸದ್ದು. ಗುಡುಗು ಸಿಡಿಲಿನ ಅಬ್ಬರ, ಹತ್ತು ಹಡಗಿನವರ ಹರಟೆ, ವ್ಯಾಪಾರದ ತಂತಿಗಳು ಎಲ್ಲ ಒಂದರ ಮೇಲೆ ಒಂದು. ಅದರ ನಡುವೆ ನಿದ್ದೆಗಣ್ಣಿನವನೂ ಗುರುತಿಸಬೇಕು, ನಡುಗುವ ಕೈಯವನೂ ಬಡಿಯಬೇಕು. ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ಯಾವ ಭಾಷೆಯವನಿಗೂ ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನಮ್ಮ ಕಾಸರಗೋಡಿನವರಿಗೆ ಇದರ ಬೆಲೆ ಬೇಗ ಅರ್ಥವಾಗಬೇಕು.

ನಿಯಮ ಬಂದರೂ ರೂಢಿ ಬೇಗ ಬಿಡಲಿಲ್ಲ. ಮಾರ್ಕೋನಿಯ ಹುಡುಗರು ಸಿ.ಕ್ಯೂ.ಡಿ. ಬಡಿಯುವುದನ್ನೇ ಮುಂದುವರಿಸಿದರು. 1909ರ ಜನವರಿ 23ರಂದು ಅಮೆರಿಕದ ನಾನ್‌ಟಕೆಟ್ ದ್ವೀಪದ ಹತ್ತಿರ ಮಂಜಿನಲ್ಲಿ ರಿಪಬ್ಲಿಕ್ ಎಂಬ ಹಡಗಿಗೆ ಫ್ಲೋರಿಡಾ ಎಂಬ ಹಡಗು ಡಿಕ್ಕಿ ಹೊಡೆಯಿತು. ರಿಪಬ್ಲಿಕ್‌ನ ಆಪರೇಟರ್ ಜಾಕ್ ಬಿನ್ಸ್ ಒಡೆದುಹೋದ ಕೋಣೆಯಲ್ಲಿ ಚಳಿಯಲ್ಲಿ ಕುಳಿತು ಗಂಟೆಗಟ್ಟಲೆ ಸಿ.ಕ್ಯೂ.ಡಿ. ಬಡಿದ. ಡಿಕ್ಕಿಯಲ್ಲೇ ಸತ್ತ ಕೆಲವರನ್ನು ಬಿಟ್ಟರೆ ಎರಡೂ ಹಡಗಿನ ಸುಮಾರು 1500 ಮಂದಿ ಬದುಕಿದರು. ಸಿ.ಕ್ಯೂ.ಡಿ. ಎಂಬುದು ಮನೆಮಾತಾಯಿತು. ಅದೇ ವರ್ಷ ಜೂನ್ 10ರಂದು ಅಜೋರ್ಸ್ ದ್ವೀಪಗಳ ಬಳಿ ಬಂಡೆಗೆ ಸಿಕ್ಕಿದ ಸ್ಲಾವೋನಿಯಾ ಎಂಬ ಹಡಗು ಎಸ್.ಓ.ಎಸ್. ಕಳಿಸಿತು. ಎರಡು ಹಡಗುಗಳು ಬಂದು ಎಲ್ಲರನ್ನೂ ಉಳಿಸಿದವು. ಆಗಸ್ಟಿನಲ್ಲಿ ಅಮೆರಿಕದ ಅರಪಾಹೋ ಹಡಗು ಯಂತ್ರ ಕೆಟ್ಟು ನಿಂತಾಗಲೂ ಎಸ್.ಓ.ಎಸ್. ಹೋಯಿತು. ಆದ್ದರಿಂದ 'ಮೊದಲ ಎಸ್.ಓ.ಎಸ್. ಟೈಟಾನಿಕ್‌ನದು' ಎಂದು ಗೈಡುಗಳಲ್ಲಿ ಇರುವುದೂ ತಪ್ಪೇ. ಟೈಟಾನಿಕ್ಕಿಗೆ ಮೂರು ವರ್ಷ ಮೊದಲೇ ಇದು ಜೀವ ಉಳಿಸಿತ್ತು.

ಟೈಟಾನಿಕ್ಕಿನ ರಾತ್ರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿಗೆ ನಾಟಿದ್ದು ಅದೇ.

1912ರ ಏಪ್ರಿಲ್ 14, ಭಾನುವಾರ. ಹಡಗಿನ ಆಪರೇಟರುಗಳು ಇಬ್ಬರು, ಜಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್. ಇಬ್ಬರೂ ಇಪ್ಪತ್ತರ ಹರೆಯದವರು. ಹಣವಂತ ಪ್ರಯಾಣಿಕರ ಖಾಸಗಿ ಸಂದೇಶಗಳು ರಾಶಿ ಬಿದ್ದಿದ್ದವು. ಫಿಲಿಪ್ಸ್ ಅವನ್ನು ದಡಕ್ಕೆ ಕಳಿಸುತ್ತಾ ಕುಳಿತಿದ್ದ. ರಾತ್ರಿ ಸುಮಾರು ಹನ್ನೊಂದಕ್ಕೆ ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸಿರಿಲ್ ಇವಾನ್ಸ್, ನಾವು ಹಿಮದ ನಡುವೆ ನಿಂತಿದ್ದೇವೆ ಎಂದು ತಿಳಿಸಲು ಬಂದ. ಹತ್ತಿರದಿಂದ ಬಂದ ಸದ್ದು ಫಿಲಿಪ್ಸನ ಕಿವಿಗೆ ಬಡಿಯಿತು. ಸುಮ್ಮನಿರು, ನನಗೆ ಕೆಲಸ ಉಂಟು ಎಂಬ ಅರ್ಥದಲ್ಲಿ ಗದರಿದ. ಇವಾನ್ಸ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಹನ್ನೊಂದೂವರೆಯ ಸುಮಾರಿಗೆ ಯಂತ್ರ ಆರಿಸಿ ಮಲಗಿದ. ಆ ಹಡಗಿನಲ್ಲಿ ಇದ್ದದ್ದು ಅವನೊಬ್ಬನೇ ಆಪರೇಟರ್. ಮಲಗಿದ್ದು ಅವನ ತಪ್ಪಲ್ಲ. 11.40ಕ್ಕೆ ಟೈಟಾನಿಕ್ ಹಿಮಬಂಡೆಗೆ ತಾಗಿತು.

ಹನ್ನೆರಡೂಕಾಲಿನ ಸುಮಾರಿಗೆ ಕ್ಯಾಪ್ಟನ್ ಸ್ಮಿತ್ ಬಂದು ಸಹಾಯಕ್ಕೆ ಕರೆ ಕಳಿಸಿ ಎಂದ. ಫಿಲಿಪ್ಸ್ ಬಡಿದದ್ದು ಹಳೆಯ ಸಿ.ಕ್ಯೂ.ಡಿ.ಯನ್ನೇ. ಸ್ವಲ್ಪ ಹೊತ್ತಿನ ಮೇಲೆ ಬ್ರೈಡ್ ತಮಾಷೆಗೆ, ಹೊಸ ಕರೆ ಬಂದಿದೆಯಲ್ಲ, ಎಸ್.ಓ.ಎಸ್. ಕಳಿಸು, ಇನ್ನೊಮ್ಮೆ ಕಳಿಸಲು ನಿನಗೆ ಅವಕಾಶ ಸಿಗುತ್ತದೋ ಇಲ್ಲವೋ ಎಂದನಂತೆ. ಇಬ್ಬರೂ ನಕ್ಕರಂತೆ. ಹಡಗು ಮುಳುಗುತ್ತದೆ ಎಂದು ಅವರಿಗೆ ಆಗ ಅನಿಸಿರಲಿಲ್ಲ. ಆಮೇಲೆ ಎರಡನ್ನೂ ಬೆರೆಸಿ ಕೊನೆಯವರೆಗೂ ಕಳಿಸಿದರು. ಬ್ರೈಡ್ ಬದುಕಿ ಬಂದು ಇದನ್ನು ಹೇಳಿದ. ಫಿಲಿಪ್ಸನಿಗೆ ಇನ್ನೊಂದು ಅವಕಾಶ ಸಿಗಲೇ ಇಲ್ಲ.

ಕೇಳಿದವನು ಯಾರು? ಸುಮಾರು 58 ಮೈಲು ದೂರದಲ್ಲಿದ್ದ ಕಾರ್ಪೇಥಿಯಾ ಹಡಗಿನ ಹೆರಾಲ್ಡ್ ಕಾಟಮ್. ಅವನೂ ಒಬ್ಬನೇ ಆಪರೇಟರ್, ಅವನೂ ಮಲಗಲು ಹೊರಟಿದ್ದ. ಬಟ್ಟೆ ಬದಲಿಸುತ್ತಿದ್ದವನು ಕಿವಿಯ ಯಂತ್ರವನ್ನು ಇನ್ನೂ ತೆಗೆದಿರಲಿಲ್ಲ. ಹತ್ತು ನಿಮಿಷ ಮುಂಚೆ ಮಲಗಿದ್ದರೆ? ಟೈಟಾನಿಕ್ 2.20ಕ್ಕೆ ಮುಳುಗಿತು. ಕಾರ್ಪೇಥಿಯಾ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ತಲುಪಿ ಏಳುನೂರಕ್ಕೂ ಹೆಚ್ಚು ಮಂದಿಯನ್ನು ದೋಣಿಗಳಿಂದ ಎತ್ತಿಕೊಂಡಿತು. ಸುಮಾರು 1500 ಮಂದಿ ಹೋದರು. ಹತ್ತಿರದ ಹಡಗಿನಲ್ಲಿ ಕಿವಿ ಮಲಗಿತ್ತು, ದೂರದ ಹಡಗಿನಲ್ಲಿ ಕಿವಿ ಎಚ್ಚರವಾಗಿತ್ತು. ಬಡಿದದ್ದು ಸಿ.ಕ್ಯೂ.ಡಿ.ಯೋ ಎಸ್.ಓ.ಎಸ್.ಓ ಎಂಬುದರಿಂದ ಆ ರಾತ್ರಿ ಏನೂ ವ್ಯತ್ಯಾಸ ಆಗಲಿಲ್ಲ.

ಇದಾದ ಮೇಲೆಯೇ ಕಾನೂನುಗಳು ಬಿಗಿಯಾದದ್ದು. ಅಮೆರಿಕ 1912ರ ಆಗಸ್ಟಿನಲ್ಲೇ ರೇಡಿಯೋ ಕಾಯಿದೆ ತಂದಿತು. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಮುದ್ರದ ಮೇಲೆ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿಯಾಯಿತು. ಹಗಲಿರುಳು ಒಬ್ಬ ಕೇಳುತ್ತಿರಬೇಕು ಎಂಬುದು ಮುಖ್ಯ ಮಾತು. ಮುಂದೆ ಹಡಗಿನ ರೇಡಿಯೋ ಕೋಣೆಯ ಗಡಿಯಾರಗಳಲ್ಲಿ ಪ್ರತಿ ಗಂಟೆಯ 15ರಿಂದ 18, 45ರಿಂದ 48ನೆಯ ನಿಮಿಷದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿರುತ್ತಿತ್ತು. ಆ ಮೂರು ಮೂರು ನಿಮಿಷ ಅಪಾಯದ ತರಂಗದಲ್ಲಿ ಯಾರೂ ಮಾತಾಡಬಾರದು, ಎಲ್ಲರೂ ಕೇಳಬೇಕು. ಎಲ್ಲೋ ದೂರದಲ್ಲಿ ಕ್ಷೀಣವಾಗಿ ಯಾರಾದರೂ ಕರೆಯುತ್ತಿದ್ದರೆ ಕೇಳಿಸಲಿ ಎಂದು. ಲೋಕದ ಎಲ್ಲ ಸಮುದ್ರಗಳಲ್ಲೂ ಗಂಟೆಗೆ ಎರಡು ಸಲ ಮೌನ! ನಮ್ಮ ಸ್ಟಾಫ್ ರೂಮಿಗೂ ಇಂಥದೊಂದು ಗಡಿಯಾರ ಬೇಕು ಎಂದು ನಾನು ಹೇಳುವುದುಂಟು.

ಅಂದ ಹಾಗೆ, ವಿಮಾನದವರು ಎಸ್.ಓ.ಎಸ್. ಅನ್ನದೆ 'ಮೇಡೇ' ಅನ್ನುತ್ತಾರಲ್ಲ, ಅದಕ್ಕೂ ಮೇ ತಿಂಗಳಿಗೂ ಸಂಬಂಧವಿಲ್ಲ. ಬಾಯಿಂದ ಮಾತಾಡುವ ರೇಡಿಯೋ ಬಂದಾಗ 'ಎಸ್' ಎಂಬ ಸದ್ದು 'ಎಫ್' ಎಂದೂ ಕೇಳಿಸುತ್ತಿತ್ತು. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಮಾಕ್‌ಫರ್ಡ್ ಎಂಬುವರು 1920ರ ದಶಕದ ಆರಂಭದಲ್ಲಿ ಈ ಪದ ಸೂಚಿಸಿದರು. ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸಿಗೆ ಹೋಗುತ್ತಿದ್ದವು. ಫ್ರೆಂಚಿನಲ್ಲಿ ನನಗೆ ಸಹಾಯ ಮಾಡಿ ಎಂಬುದಕ್ಕೆ ಹತ್ತಿರದ ಸದ್ದು ಅದು. 1927ರಲ್ಲಿ ಇದಕ್ಕೂ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. ಇದಕ್ಕಾದರೆ ಅರ್ಥ ಉಂಟು, ಸಂಕ್ಷೇಪ ಅಲ್ಲ. ಅದಕ್ಕೆ ಸಂಕ್ಷೇಪದ ರೂಪ ಉಂಟು, ಅರ್ಥ ಇಲ್ಲ.

ಇನ್ನು ಸಮುದ್ರಕ್ಕೆ ಸಂಬಂಧವಿಲ್ಲದ ಎಸ್.ಓ.ಎಸ್.ಗಳು. ಇದರಲ್ಲಿ ಒಂದನ್ನು ನನಗೆ ಹೇಳಿದವಳು ಆ ಹುಡುಗಿಯೇ.

ಅವಳು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮಾಡಿ ಈಗ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ನನ್ನ ಅಮ್ಮನಿಗೆ ಮಂಡಿನೋವಾಗಿ ವೈದ್ಯರು ಚೀಟಿ ಬರೆದುಕೊಟ್ಟರು. ಒಂದು ನೋವಿನ ಮಾತ್ರೆಯ ಎದುರು ಎಸ್.ಓ.ಎಸ್. ಎಂದಿತ್ತು. ನನ್ನ ಎದೆ ಧಸಕ್ಕೆಂದಿತು. ಮುಳುಗುವ ಹಡಗಿನ ಗುರುತು ಅಮ್ಮನ ಚೀಟಿಯಲ್ಲಿ! ವೈದ್ಯರನ್ನು ಮತ್ತೆ ಕೇಳಲು ಸಂಕೋಚ. ಅದೇ ವಾರ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಚೀಟಿ ತೋರಿಸಿದೆ. ನಕ್ಕು, "ಹೆದರಬೇಡಿ ಮಾಷ್ಟ್ರೇ, ನೋವಿದ್ದರೆ ಮಾತ್ರ ಕೊಡಿ ಅಂತ ಅರ್ಥ. ಇಲ್ಲಾಂದ್ರೆ ಬೇಡ" ಎಂದಳು. ಮತ್ತೆ, "ಇದಕ್ಕೆ ಮಾತ್ರ ವಿಸ್ತೃತ ರೂಪ ಉಂಟು" ಎಂದಳು! ಮರೆತಿರಲಿಲ್ಲ.

ಅದು ಲ್ಯಾಟಿನ್. 'ಸಿ ಓಪುಸ್ ಸಿತ್', ಅಗತ್ಯ ಬಿದ್ದರೆ ಎಂದು. ಹಿಂದೆ ಯುರೋಪಿನ ವೈದ್ಯರು ಲ್ಯಾಟಿನ್ನಿನಲ್ಲೇ ಚೀಟಿ ಬರೆಯುತ್ತಿದ್ದರು. ನಮ್ಮ ವೈದ್ಯರು ದಿನಕ್ಕೆ ಎರಡು ಸಲ ಎಂಬುದಕ್ಕೆ ಬಿ.ಡಿ. ಎಂದು, ಮೂರು ಸಲ ಎಂಬುದಕ್ಕೆ ಟಿ.ಡಿ.ಎಸ್. ಎಂದು ಬರೆಯುವುದೂ ಅದೇ ಲ್ಯಾಟಿನ್ನಿನ ಉಳಿಕೆ. ಹಡಗಿನ ಗುರುತು ತಡಮಾಡಬೇಡಿ ಎನ್ನುತ್ತದೆ, ಚೀಟಿಯ ಗುರುತು ಅವಸರ ಬೇಡ ಎನ್ನುತ್ತದೆ. ಅಕ್ಷರ ಒಂದೇ. ಹಿರಿಯರಿರುವ ಮನೆಗಳಲ್ಲಿ ಇದನ್ನು ದಯವಿಟ್ಟು ತಿಳಿದುಕೊಳ್ಳಿ. ಎಸ್.ಓ.ಎಸ್. ಎಂದರೆ ತುರ್ತು ಎಂದುಕೊಂಡು ನೋವಿಲ್ಲದಿದ್ದರೂ ತಪ್ಪದೆ ಮಾತ್ರೆ ನುಂಗಿಸುವವರನ್ನು ನಾನು ನೋಡಿದ್ದೇನೆ.

ಇನ್ನೊಂದು ಎಸ್.ಓ.ಎಸ್. ಅನಾಥ ಮಕ್ಕಳ ಗ್ರಾಮಗಳದ್ದು. ಬೆಂಗಳೂರಿನಲ್ಲೂ ಒಂದುಂಟು. ಎರಡನೆಯ ಮಹಾಯುದ್ಧ ಮುಗಿದು ದಿಕ್ಕಿಲ್ಲದ ಮಕ್ಕಳು ಬೀದಿ ತುಂಬಿದ್ದಾಗ ಆಸ್ಟ್ರಿಯಾದ ಹರ್ಮನ್ ಗ್ಮೈನರ್ 1949ರಲ್ಲಿ ಒಂದು ಸಂಘ ಕಟ್ಟಿದರು. ಅದರ ಹೆಸರು 'ಸೊಸಿಯೆತಾಸ್ ಸೊಸಿಯಾಲಿಸ್', ಲ್ಯಾಟಿನ್ ಮಾತೇ. ಎಸ್.ಓ.ಎಸ್. ಹುಟ್ಟಿದ್ದು ಅಲ್ಲಿಂದ. ಆದರೆ ಕೇಳಿದವರಿಗೆ ಮುಳುಗುವ ಹಡಗೇ ನೆನಪಾಗುತ್ತದೆ, ಮತ್ತು ಅದರಿಂದ ನಷ್ಟವೇನೂ ಆಗಲಿಲ್ಲ. ಸೈನ್ಯದ ಕಚೇರಿ ಕಡತಗಳಲ್ಲಿಯೂ ಒಂದು ಎಸ್.ಓ.ಎಸ್. ಉಂಟು. ಒಬ್ಬನ ಹೆಸರನ್ನು ದಳದ ಪಟ್ಟಿಯಿಂದ ತೆಗೆದರೆ 'ಸ್ಟ್ರಕ್ ಆಫ್ ಸ್ಟ್ರೆಂತ್' ಎಂದು ಹಾಗೆ ಬರೆಯುತ್ತಾರೆ. ರಜೆಯಲ್ಲಿ ಊರಿಗೆ ಬಂದ ಸೈನಿಕರನ್ನು ಕೇಳಿದರೆ ಹೇಳಿಯಾರು.

ಸಂಕ್ಷೇಪ ಎಂಬುದು ಅದನ್ನು ಬಳಸುವವರ ನಡುವೆ ಮಾತ್ರ ಬದುಕುತ್ತದೆ. ನಾನು ಟಿ.ಸಿ.ಎಚ್. ಮಾಡಿದ್ದು ಕರ್ನಾಟಕದಲ್ಲಿ. ಗಡಿ ದಾಟಿ ಈಚೆ ಕೆಲಸಕ್ಕೆ ಬಂದಾಗ ಅದೇನೆಂದು ಕಚೇರಿಯಲ್ಲಿ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಇಲ್ಲಿ ಅದೇ ಓದಿಗೆ ಟಿ.ಟಿ.ಸಿ. ಎನ್ನುತ್ತಿದ್ದರು. ಎರಡು ಊರಿನ ನಡುವೆಯೇ ಹೀಗಿರುವಾಗ, 1906ರಲ್ಲಿ ಪರಸ್ಪರ ಮುಖ ನೋಡಲು ಒಲ್ಲದ ದೇಶಗಳು ಒಂಬತ್ತು ಬಡಿತಗಳನ್ನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಎಂಟು ವರ್ಷದೊಳಗೆ ಅವೇ ದೇಶಗಳು ಮಹಾಯುದ್ಧದಲ್ಲಿ ಒಂದರ ಹಡಗನ್ನು ಇನ್ನೊಂದು ಮುಳುಗಿಸುತ್ತಿದ್ದವು. ಆಗಲೂ ಮುಳುಗುವವರು ಬಡಿದದ್ದು ಜರ್ಮನಿಯವರು ಮಾಡಿಕೊಟ್ಟ ಗುರುತನ್ನೇ.

ಹಡಗುಗಳಲ್ಲಿ ಮೋರ್ಸ್ ಕಾಲ ಮುಗಿದದ್ದು 1999ರ ಫೆಬ್ರವರಿ 1ಕ್ಕೆ. ಅಂದಿನಿಂದ ಉಪಗ್ರಹ ಮತ್ತು ಹೊಸ ರೇಡಿಯೋ ಯಂತ್ರಗಳ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು. ಗುಂಡಿ ಒತ್ತಿದರೆ ಹಡಗಿನ ಹೆಸರು, ಇರುವ ಜಾಗ ಎಲ್ಲ ತಾನಾಗಿ ಹೋಗುತ್ತದೆ. ನಮ್ಮ ಮೀನುಗಾರರ ದೋಣಿಗಳಿಗೂ ಇಸ್ರೋದವರು ಇಂಥದೊಂದು ಯಂತ್ರ ಮಾಡಿದ್ದಾರೆ. ಅದರ ಹೊಸ ಮಾದರಿಯಲ್ಲಿ, ನಿಮ್ಮ ಕರೆ ತಲುಪಿತು ಎಂಬ ಉತ್ತರವೂ ದೋಣಿಗೆ ಬರುತ್ತದೆ. ಇದು ದೊಡ್ಡ ಸಂಗತಿ. ಫಿಲಿಪ್ಸ್ ಕಾಟಮ್‌ನ ಉತ್ತರ ಕೇಳಿದಾಗ ಏನು ಅನಿಸಿರಬಹುದು ಎಂದು ಯೋಚಿಸಿ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ದಕ್ಷಿಣ ಕೇರಳದ ಎಷ್ಟೋ ದೋಣಿಗಳು ನಡುಸಮುದ್ರದಲ್ಲಿ ಸಿಕ್ಕಿಬಿದ್ದವು. ಅವರಿಗೆ ಎಚ್ಚರಿಕೆಯೂ ಮುಟ್ಟಲಿಲ್ಲ, ಅವರ ಕರೆಯೂ ಮುಟ್ಟಲಿಲ್ಲ.

ಅದರ ಮರುವರ್ಷ ಆಗಸ್ಟಿನಲ್ಲಿ ಕೇರಳದಲ್ಲಿ ಮಹಾಪ್ರವಾಹ. ಈ ಸಲ ಮುಳುಗಿದ್ದು ನೆಲದವರು. ಮಾಳಿಗೆ ಹತ್ತಿ ನಿಂತವರು ಮೊಬೈಲಿನಲ್ಲಿ ತಾವಿರುವ ಜಾಗ ಕಳಿಸಿ ಎಸ್.ಓ.ಎಸ್. ಎಂದು ಬರೆದರು. ಕೇಳಿ ಓಡಿ ಬಂದವರಲ್ಲಿ ಮೀನುಗಾರರು ಮುಂದಿದ್ದರು. ದೋಣಿಗಳನ್ನು ಲಾರಿಗೆ ಹೇರಿಕೊಂಡು, ಸಮುದ್ರದಿಂದ ದೂರದ ಊರುಗಳ ಬೀದಿಗಳಿಗೆ ಇಳಿಸಿ ಜನರನ್ನು ಎತ್ತಿದರು. ಮುಂಚಿನ ವರ್ಷ ಯಾರ ಕರೆ ಕೇಳಿಸಲಿಲ್ಲವೋ ಅದೇ ಕಡಲ ಜನ.

ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ನಾನು ಆ ಹುಡುಗಿಗೆ, "ಆವತ್ತು ನೀನು ಹೇಳಿದ್ದೇ ಸರಿ. ತಪ್ಪು ನನ್ನದು" ಎಂದೆ. ಅವಳು, "ಗೊತ್ತು ಮಾಷ್ಟ್ರೇ" ಎಂದಳು. ಮಾವ ಆವತ್ತೇ ಹೇಳಿದರಂತೆ, ಮಾಷ್ಟ್ರ ಹತ್ತಿರ ವಾದ ಮಾಡಬೇಡ, ಅವರ ಪುಸ್ತಕದಲ್ಲಿ ಹಾಗೆ ಇರಬಹುದು ಎಂದು. "ಆದರೆ ಆ ನಿಘಂಟು ಸಿಗಬೇಕಿತ್ತು ನನಗೆ. ನರ್ಸಿಂಗಿಗೆ ಸೇರಿದ ಮೊದಲ ವರ್ಷ ಇಂಗ್ಲಿಷ್ ಪಾಠ ಒಂದೂ ಅರ್ಥ ಆಗದೆ ಹಾಸ್ಟೆಲಿನಲ್ಲಿ ಅಳುತ್ತಿದ್ದೆ" ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಮುಂದಿನ ಸಲ ಮಂಗಳೂರಿಗೆ ಹೋದಾಗ ಅದೇ ನಿಘಂಟನ್ನು ಕೊಂಡು ಅವಳ ಮನೆಗೆ ಕೊಟ್ಟು ಬಂದೆ. ಮೊದಲ ಪುಟದಲ್ಲಿ 'ಪ್ರಥಮ ಬಹುಮಾನ, ರಸಪ್ರಶ್ನೆ, 2008' ಎಂದು ಬರೆದು ಸಹಿ ಹಾಕಿದ್ದೇನೆ.